ಹತ್ತು ಮೀನು

"ಒಂದು ವಿಚಿತ್ರ ನಡೀತು ಮಾರಾಯ" ಎಂದು ಯಾರಾದರೂ ಮಾತು ಶುರು ಮಾಡಿದರೆ ನಾನು ಮೊದಲು ಕೇಳುವ ಪ್ರಶ್ನೆಗಳು ಮೂರು. ಆಗ ಬೆಳಕಿತ್ತೋ, ಕತ್ತಲೆಯೋ? ಜೊತೆಗೆ ಇನ್ನೊಬ್ಬರು ಇದ್ದರೋ, ಇಲ್ಲವೋ? ಅದಕ್ಕೂ ಮುಂಚೆ ಏನಾದರೂ 'ತಗೊಂಡಿದ್ದೆಯೋ'? ಈ ಮೂರನ್ನೂ ದಾಟಿ ಬಂದ ಚೌಡಿಯಾಗಲಿ, ಕೊಳ್ಳಿದೆವ್ವವಾಗಲಿ ನನಗೆ ಇದುವರೆಗೆ ಸಿಕ್ಕಿಲ್ಲ. ನನ್ನ ಈ ಸ್ವಭಾವದಿಂದ ಎಷ್ಟೋ ಒಳ್ಳೊಳ್ಳೆಯ ಕತೆಗಳು ಅರ್ಧಕ್ಕೇ ನಿಂತಿವೆ. ಹೇಳುತ್ತಿದ್ದವರು ಮುಖ ಊದಿಸಿಕೊಂಡು ಎದ್ದು ಹೋದದ್ದೂ ಉಂಟು. "ನಿಮ್ಮೆದ್ರು ದೇವ್ರೇ ಬಂದು ನಿಂತ್ರೂ ಆಧಾರ್ ಕಾರ್ಡ್ ಕೇಳ್ತೀರಿ" ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಅಂಥ ನಾನೇ ಈಗ ಒಂದು ಹೇಳಬೇಕಾಗಿದೆ. ನಡೆದದ್ದು ಮಟಮಟ ಮಧ್ಯಾಹ್ನ. ನೋಡಿದವರು ನಾಲ್ಕು ಜನ. ಕುಡಿದದ್ದು ಮಜ್ಜಿಗೆ. ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ, ಯಾಕೆಂದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ನಂಬುತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿ ಮುಗಿಸುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ತುಂಗೆ ಮತ್ತು ಭದ್ರೆಗೆ ನೀರು ತಂದುಕೊಡುವ ಹಳ್ಳಕೊಳ್ಳಗಳನ್ನೆಲ್ಲ ಚಿತ್ರೀಕರಿಸಿ ಇಡಬೇಕೆಂದು ನಾವು ನಾಲ್ಕಾರು ಗೆಳೆಯರು ಹೊರಟಿದ್ದೆವು. ಜಲಾನಯನ ಪ್ರದೇಶದ ದಾಖಲೀಕರಣ ಎಂದರೆ ನಮ್ಮ ಊರುಗಳಲ್ಲಿ ಜನ ಕುರ್ಚಿ ಕೊಟ್ಟು ಕೂರಿಸಿ, ಮರ್ಯಾದೆಯಿಂದಲೇ ಆಕಳಿಸುತ್ತಾರೆ. ಅದಕ್ಕೆ ನಾನು ಬೇರೆ ಥರ ಹೇಳುತ್ತಿದ್ದೆ. ಹೊಳೆ ಅಂದರೆ ಶೃಂಗೇರಿಯಲ್ಲಿ ಮೆಟ್ಟಿಲಿಳಿದು ಕಾಲು ತೊಳೆಯುವ ಜಾಗ ಮಾತ್ರ ಅಲ್ಲ, ನಿಮ್ಮ ಗದ್ದೆಯಂಚಿನ ಹಳ್ಳವೂ ಹೊಳೆಯೇ, ಅದು ಕೆಟ್ಟರೆ ಕೆಳಗಿನವರೆಲ್ಲರ ಕುಡಿಯುವ ನೀರು ಕೆಟ್ಟಂತೆ, ಅದನ್ನು ಶಾಲೆ ಮಕ್ಕಳಿಗೆ ತೋರಿಸಲು ಒಂದು ಚಿತ್ರ ಮಾಡುತ್ತಿದ್ದೇವೆ ಎನ್ನುತ್ತಿದ್ದೆ. "ಯಾವ ಚಾನೆಲ್ಲಲ್ಲಿ ಬರ್ತದೆ?" ಎಂದು ಕೇಳುತ್ತಿದ್ದರು. ಯಾವ ಚಾನೆಲ್ಲಲ್ಲೂ ಬರುವುದಿಲ್ಲ ಎಂದಮೇಲೆ ಆಕಳಿಕೆ ಮತ್ತೆ ಶುರುವಾಗುತ್ತಿತ್ತು.

ನರಸಿಂಹರಾಜಪುರದ ಹಿನ್ನೀರು, ಸಿರಿಮನೆಯಲ್ಲಿ ಧುಮುಕುವ ಅಬ್ಬಿ, ಕಿಗ್ಗದ ಮೇಲಿನ ಕಾಡಿನ ಒರತೆಗಳು ಇವನ್ನೆಲ್ಲ ಆ ಬೇಸಿಗೆಯಲ್ಲಿ ಮುಗಿಸಿದ್ದೆವು. ಉಳಿದದ್ದು ಹತ್ತು ಮೀನು. ಗೊತ್ತಿಲ್ಲದವರಿಗೆ ಹೇಳಬೇಕು. ಮೊದಲ ಮಳೆಗೆ ಹಳ್ಳದ ನೀರು ಕೆಂಪಗೆ ಏರಿದಾಗ, ದೊಡ್ಡ ಹೊಳೆಯಲ್ಲಿದ್ದ ಮೀನುಗಳು ಮೊಟ್ಟೆಯಿಡಲು ನೀರಿಗೆ ಎದುರಾಗಿ ಹಳ್ಳ ಹತ್ತುತ್ತವೆ. ಹಳ್ಳದಿಂದ ಕಾಲುವೆ, ಕಾಲುವೆಯಿಂದ ಭತ್ತದ ಗದ್ದೆ. ಹೀಗೆ ಹತ್ತಿ ಬರುವ ಮೀನಿಗೆ ನಮ್ಮಲ್ಲಿ ಹತ್ತು ಮೀನು ಎಂದೇ ಹೆಸರು. ಮೀನು ತಿನ್ನುವವರ ಮನೆಗಳಲ್ಲಿ ಅವತ್ತು ಯಾರಿಗೂ ನಿದ್ದೆ ಇರುವುದಿಲ್ಲ, ಬ್ಯಾಟರಿ ಹಿಡಿದು ಹಳ್ಳದಂಚಿನಲ್ಲೇ ಇರುತ್ತಾರೆ.

ಇದನ್ನು ಚಿತ್ರೀಕರಿಸಲು ನಾನು ಆರಿಸಿಕೊಂಡದ್ದು ಭಂಡಿಗಡಿ ಹತ್ತಿರದ ನಮ್ಮ ಸುಮಿತ್ರಕ್ಕನ ಮನೆಯನ್ನು. ಅವಳು ನನ್ನ ದೊಡ್ಡಮ್ಮನ ಮಗಳು. ಅಕ್ಕನ ಮನೆಯಾದರೆ ಊಟಕ್ಕೆ ಖರ್ಚಿಲ್ಲ, ಭಾವನ ಜೊತೆ ತಮಾಷೆಗೂ ಅಡ್ಡಿಯಿಲ್ಲ ಎಂಬ ಲೆಕ್ಕಾಚಾರ ನನ್ನದು. ನನ್ನ ಜೊತೆ ಅಲ್ಲಿಗೆ ಬಂದದ್ದು ಕ್ಯಾಮೆರಾ ಹಿಡಿಯುತ್ತಿದ್ದ ಬಸವರಾಜ ಒಬ್ಬನೇ, ಬಾಗಲಕೋಟೆ ಕಡೆಯವನು. ನಮ್ಮ ಒಂದು ತೊರೆಯಷ್ಟು ನೀರು ಕಂಡರೂ "ಎಂಥಾ ಹೊಳೀರಿ ಇದು" ಎಂದು ಕೈಮುಗಿಯುತ್ತಿದ್ದ.

ನಾವು ಹೋದ ದಿನ ರಾತ್ರಿ ಊಟಕ್ಕೆ ಕೂತಾಗ ಹತ್ತು ಮೀನಿನ ಮಾತು ಬಂತು. ಬಸವರಾಜ ಬಹಳ ಹೊತ್ತು ಕೇಳಿಸಿಕೊಂಡು ಕೂತವನು ಕೊನೆಗೆ ತಡೆಯಲಾರದೆ, "ಅಲ್ರೀ, ಬರೇ ಹತ್ತ ಯಾಕ ಬರ್ತಾವು? ಹನ್ನೊಂದನೇದು ಬಂದ್ರ ವಾಪಸ್ ಕಳಸ್ತೀರೇನು?" ಎಂದ. ಮೀನು ಹಳ್ಳ ಹತ್ತುವುದನ್ನು ಅವನು ಕಂಡವನಲ್ಲ. ಹತ್ತು ಮೀನು ಅಂದರೆ ಅವನಿಗೆ ಕೇಳಿಸಿದ್ದು ಒಂಬತ್ತಾದ ಮೇಲೆ ಬರುವ ಸಂಖ್ಯೆ ಮಾತ್ರ. ಅಕ್ಕ ನಕ್ಕು ನಕ್ಕು ಸಾರಿನ ಸೌಟನ್ನು ಅನ್ನದ ಪಾತ್ರೆಗೇ ಇಳಿಸಿದಳು. ಭಾವ ಮಾತ್ರ ಗಂಭೀರವಾಗಿ, "ಹೌದು ಮಾರಾಯ, ಹನ್ನೊಂದನೇದಕ್ಕೆ ಟೋಕನ್ ಇಲ್ಲ" ಎಂದರು. ಅವತ್ತಿನಿಂದ ಬಸವರಾಜನ ಹೆಸರೇ ಟೋಕನ್ ಆಯಿತು.

ಆದರೆ ಆ ಮನೆಯಲ್ಲಿ ನಗುವಿನ ಕೆಳಗೆ ಒಂದು ಜಗಳವಿತ್ತು. ಅವರಿಗೆ ಉಳಿದಿದ್ದದ್ದು ಒಂದೇ ಗದ್ದೆ. ಸುತ್ತಲಿನವರೆಲ್ಲ ಗದ್ದೆಗಳನ್ನು ಅಡಿಕೆ ತೋಟ ಮಾಡಿಯಾಗಿತ್ತು. ಭಾವನೂ ಇದನ್ನು ತೋಟ ಮಾಡಲು ನಿಂತಿದ್ದರು. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ನೆಟ್ಟಿಗೆ, ಅಂದರೆ ಭತ್ತದ ನಾಟಿಗೆ, ಜನ ಸಿಗುವುದಿಲ್ಲ, ಹಂದಿ ಮತ್ತು ನವಿಲು ಬಿಟ್ಟದ್ದು ಮನೆಗೆ, ಕೊನೆಗೆ ಲೆಕ್ಕ ಹಾಕಿದರೆ ಅಂಗಡಿಯ ಅಕ್ಕಿಯೇ ಅಗ್ಗ. ಅಕ್ಕ ಒಪ್ಪುತ್ತಿರಲಿಲ್ಲ. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಅವಳು ನೆಟ್ಟಿಗೆ ಇಳಿದ ಗದ್ದೆ ಅದು. ಅಲ್ಲಿಂದ ಈಚೆಗೆ ಒಂದು ವರ್ಷವೂ ಬಿಟ್ಟಿರಲಿಲ್ಲ. "ಗದ್ದೇಲಿ ನೀರು ನಿಂತ್ರೇ ಹಳ್ಳದಲ್ಲಿ ನೀರು. ಗದ್ದೆ ಹೋದ್ರೆ ಆಮೇಲೆ ಬಾವಿಗೆ ಇಣುಕಿ ನೋಡದು, ಅಷ್ಟೆ" ಎನ್ನುತ್ತಿದ್ದಳು. ನಾನು ಮೂರು ತಾಲೂಕು ಸುತ್ತಿ ಮಾಡುತ್ತಿದ್ದ ಚಿತ್ರದ ಸಾರವೂ ಇಷ್ಟೇ ಆಗಿತ್ತು. ಆದರೆ ಅಕ್ಕನ ಪರ ವಹಿಸಿ ಮಾತಾಡಿದರೆ ಭಾವ, "ನೀನು ಬಂದು ನೆಟ್ಟಿ ಮಾಡ್ತೀಯನಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಒಂದು ದಿನ ಮಾತಿಗೆ ಮಾತು ಬೆಳೆಯಿತು. "ಗದ್ದೆ ಅಂದ್ರೆ ಭತ್ತ ಮಾತ್ರನ? ಮೀನು ಹತ್ತಿ ಬರದು ಎಲ್ಲಿಗೆ? ನಿಮ್ಮ ಅಡಿಕೆ ಬುಡಕ್ಕನ?" ಎಂದು ಅಕ್ಕ ಕೇಳಿದಳು. ಭಾವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟರು. "ಮೀನು ಹತ್ತಿ ಎಷ್ಟು ವರ್ಷ ಆಯ್ತು? ಸರಿ, ಈ ವರ್ಷ ಹತ್ತಲಿ ನೋಡಾಣ. ಮಿರ್ಗದ ಮಳೆ ಮುಗಿಯದ್ರೊಳಗೆ ಒಂದೇ ಒಂದು ಮೀನು ಹತ್ತಿ ಬಂದ್ರೂ ಗದ್ದೆ ಗದ್ದೆಯಾಗೇ ಇರ್ಲಿ. ಬರದಿದ್ರೆ ಮಾರನೇ ದಿನವೇ ಸಸಿ ನೆಡದು. ಆಮೇಲೆ ನೀನು ಮಾತಾಡಬಾರ್ದು."

"ಆಯ್ತು" ಎಂದಳು ಅಕ್ಕ.

ಅಷ್ಟು ಬೇಗ ಒಪ್ಪುತ್ತಾಳೆಂದು ಭಾವನೂ ಅಂದುಕೊಂಡಿರಲಿಲ್ಲ. ಮಾತು ಮುಗಿಸಲೆಂದೇ ಅವರು ಅಂದದ್ದು. ಯಾಕೆಂದರೆ ಮೀನು ಹತ್ತಲು ದಾರಿಯೇ ಇಲ್ಲ ಎಂಬುದು ಮನೆಯವರೆಲ್ಲರಿಗೂ ಗೊತ್ತಿತ್ತು. ಗದ್ದೆಯ ಕೆಳಗೆ ಹಳ್ಳ ರಸ್ತೆ ದಾಟುವಲ್ಲಿ ಮೊದಲು ಕಲ್ಲು ಚಪ್ಪಡಿಯ ಸಂಕವಿತ್ತು. ರಸ್ತೆ ಅಗಲ ಮಾಡುವಾಗ ಅದನ್ನು ತೆಗೆದು ಸಿಮೆಂಟಿನ ಪೈಪು ಹಾಕಿ ಮೋರಿ ಮಾಡಿದ್ದರು. ಪೈಪಿನಿಂದ ಬೀಳುವ ನೀರು ಮಳೆಗಾಲ ಮಳೆಗಾಲಕ್ಕೂ ಕೆಳಗಿನ ಮಣ್ಣು ಕೊರೆದು, ಈಗ ಪೈಪಿನ ಬಾಯಿ ಆಳಿನ ಎದೆಮಟ್ಟಕ್ಕೆ ಬಂದಿತ್ತು. ರಸ್ತೆ ಮಾಡಿದವರನ್ನು ಬೈದು ಪ್ರಯೋಜನವಿಲ್ಲ. ಮೀನಿಗೂ ಒಂದು ದಾರಿ ಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ರೋಹಿಣಿ ಮಳೆಯಲ್ಲಿ ಒಂದು ಸಂಜೆ ಗುಡುಗಿ ಚೆನ್ನಾಗಿಯೇ ಸುರಿಯಿತು. ಹಳ್ಳ ಕೆಂಪಾಯಿತು. ನಾವು ಕ್ಯಾಮೆರಾ ಹಿಡಿದು ಮೋರಿಯ ಕೆಳಗೆ ಓಡಿದೆವು. ಮೀನು ಬಂದಿದ್ದವು. ಬೆರಳುದ್ದದವು, ಗೇಣುದ್ದದವು, ನೂರಾರು. ಪೈಪಿನ ಬಾಯಿಗೆ ನೆಗೆದು, ಸಿಮೆಂಟಿಗೆ ಬಡಿದು, ಮತ್ತೆ ಗುಂಡಿಗೆ ಬೀಳುತ್ತಿದ್ದವು. ಬಿದ್ದವು ಮತ್ತೆ ನೆಗೆಯುತ್ತಿದ್ದವು. ಊರಿನ ಕೆಲವರು ಅಲ್ಲೇ ನಿಂತು ಬುಟ್ಟಿ ಒಡ್ಡಿ ಹಿಡಿಯುತ್ತಿದ್ದರು, ಅವರಿಗೆ ಕಷ್ಟವೇ ಇರಲಿಲ್ಲ. ಅಕ್ಕ ಕೊಡೆ ಹಿಡಿದು ರಸ್ತೆಯ ಮೇಲಿನಿಂದ ನೋಡುತ್ತಾ ನಿಂತಿದ್ದಳು. ಬಸವರಾಜನಿಗೆ ತಡೆಯಲಾಗಲಿಲ್ಲ. "ಅಕ್ಕಾರ, ಒಂದು ಬಕೇಟ್ ಕೊಡ್ರಿ. ನಾಕು ಹಿಡದು ಮ್ಯಾಲ ಗದ್ದ್ಯಾಗ ಬಿಟ್ಟು ಬರ್ತೀನಿ. ಯಾರಿಗೂ ಹೇಳೂದಿಲ್ಲ" ಎಂದ. ಮೀನನ್ನು ಮುಟ್ಟಿದರೆ ಸ್ನಾನ ಮಾಡುವ ಮನೆಯ ಹುಡುಗ ಅವನು.

ಅಕ್ಕ ಹೇಳಿದ್ದು ಇಷ್ಟೆ: "ಹೊತ್ತು ಹಾಕಿದ್ದು ಹತ್ತಿ ಬಂದಂಗೆ ಆಗದಿಲ್ಲ ತಮ್ಮಾ."

ಹೇಳಿ ಮನೆಯ ಕಡೆ ಹೋದಳು. ಆ ರಾತ್ರಿ ನಾನು ಆ ದೃಶ್ಯಗಳನ್ನು ಮತ್ತೆ ಹಾಕಿ ನೋಡಿದೆ. ನಮ್ಮ ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಭಾಗ ಸಿಗುತ್ತಿರಲಿಲ್ಲ. ಆದರೂ ನನಗೆ ಸಂತೋಷವಾಗಲಿಲ್ಲ, ಅಕ್ಕ ಸೋತಳು ಎನ್ನಿಸಿತು.

ಆಮೇಲೆ ಮಳೆ ಕೈಕೊಟ್ಟಿತು. ಮಿರ್ಗ, ಅಂದರೆ ಮೃಗಶಿರ ಮಳೆ, ಹುಟ್ಟಿದರೂ ಒಂದು ಹನಿಯಿಲ್ಲ. ಆಕಾಶ ಬೇಸಿಗೆಯ ಹಾಗೆ ಬೆಳ್ಳಗಿತ್ತು. ಹಳ್ಳ ಮತ್ತೆ ಸಣ್ಣಗಾಗಿ, ಪೈಪಿನಿಂದ ಬೀಳುವ ನೀರು ಕೈಬೆರಳಿನ ಗಾತ್ರಕ್ಕೆ ಬಂತು. ಭಾವ ಈ ಮೊದಲೇ ಬೇರೆ ಕಡೆ ಮಾಡಿದ್ದ ಹೊಸ ತೋಟದ ಸಸಿಗಳು ಸೊರಗತೊಡಗಿದವು. ಗುಡ್ಡದ ಬುಡದಲ್ಲಿ ಅವರು ಸಾಲ ಮಾಡಿ ತೋಡಿಸಿದ ಒಂದು ಕೆರೆಯಿತ್ತು. ಅದರ ತಳದಲ್ಲಿದ್ದ ನೀರನ್ನು ದಿನ ಬಿಟ್ಟು ದಿನ, ಅಳೆದೂ ಸುರಿದೂ ತೋಟಕ್ಕೆ ಬಿಡುತ್ತಿದ್ದರು. ಗದ್ದೆಯ ಮೇಲ್ಭಾಗದಲ್ಲಿ ಅಡಿಕೆ ಗುಂಡಿಗಳು ತಯಾರಾಗಿದ್ದವು. ಸಸಿಗಳು ಬಂದು ಹಲಸಿನ ಮರದ ನೆರಳಲ್ಲಿ ಕೂತಿದ್ದವು. ಅಕ್ಕ ಮಾತ್ರ ಏನೂ ಆಗದವಳ ಹಾಗೆ, ಎಲ್ಲಕ್ಕಿಂತ ಕೆಳಗಿನ ಒಂದು ಮಡಿಯನ್ನು ಉಳುಮೆ ಮಾಡಿಸಿ, ಹಳ್ಳದ ಸಣ್ಣ ಕಾಲುವೆಯಿಂದ ನೀರು ತಿರುಗಿಸಿಕೊಂಡು, ನೆಟ್ಟಿಯ ಸಸಿಗೆಂದು ಅಗೆ ಹಾಕಲು ಭತ್ತದ ಬೀಜ ನೆನೆಹಾಕಿದ್ದಳು. ಭಾವ ನೋಡಿಯೂ ನೋಡದ ಹಾಗಿದ್ದರು. ಹಟ ಮಾಡುವುದರಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಸರಿಯಾಗಿದ್ದರು.

ಮಿರ್ಗದ ಕೊನೆಯ ದಿನ ಬಂತು. ಮರುದಿನ ಬೆಳಿಗ್ಗೆ ಸಸಿ ನೆಡಲು ಆಳುಗಳಿಗೆ ಹೇಳಿಯಾಗಿತ್ತು. ನಾವೂ ಹೊರಡುವವರಿದ್ದೆವು. ಹಳ್ಳ ದಿನದಿಂದ ದಿನಕ್ಕೆ ಹೇಗೆ ಬದಲಾಗುತ್ತದೆ ಎಂದು ತೋರಿಸಲು ಬಸವರಾಜ ದಿನವೂ ಬೆಳಗಾಗುತ್ತಲೇ ಮೋರಿಯ ಕೆಳಗೆ ಒಂದು ಕ್ಯಾಮೆರಾ ನಿಲ್ಲಿಸಿ, ಅದಕ್ಕೊಂದು ಕೊಡೆ ಕಟ್ಟಿ ಬರುತ್ತಿದ್ದ. ಅದು ಸಂಜೆಯವರೆಗೆ ಪೈಪಿನ ಬಾಯಿಯನ್ನೇ ನೋಡುತ್ತಾ ಓಡುತ್ತಿರುತ್ತಿತ್ತು. ಅವತ್ತೂ ನಿಲ್ಲಿಸಿದ್ದ. ಅವತ್ತು ಬೆಳಿಗ್ಗೆ ಅಕ್ಕ ಅದೇ ಕೆಳಗಿನ ಮಡಿಗೆ ಇಳಿದು, ಹಲಗೆ ಎಳೆದು ಕೆಸರು ಮಟ್ಟ ಮಾಡಿ ಬಂದಿದ್ದಳು. ಕಾಲುವೆಯ ಪಕ್ಕದ ಮೂಲೆಯಿಂದ ಈಚೆಯ ಅಂಚಿನವರೆಗೆ ಅವಳು ಕಾಲಿಡದ ಜಾಗ ಅಲ್ಲಿರಲಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದು ಮುಂದೆ ಗೊತ್ತಾಗುತ್ತದೆ.

ಮಧ್ಯಾಹ್ನ ಊಟವಾಗಿ, ಮಜ್ಜಿಗೆ ಕುಡಿದು, ನಾನು, ಬಸವರಾಜ, ಭಾವ ಮೂವರೂ ಜಗಲಿಯಲ್ಲಿ ಮಲಗಿದ್ದೆವು. ಅಕ್ಕ ನೆನೆಸಿದ ಬೀಜದ ಬುಟ್ಟಿ ಹೊತ್ತುಕೊಂಡು ಗದ್ದೆಗೆ ಹೋಗಿದ್ದಳು. ಸ್ವಲ್ಪ ಹೊತ್ತಿಗೆ ಬರಿಗೈಯಲ್ಲಿ ಅಂಗಳದ ತುದಿಗೆ ಬಂದು ನಿಂತು, "ಸ್ವಲ್ಪ ಬನ್ನಿ" ಎಂದಳು. ದನಿ ಎತ್ತರಿಸಿರಲಿಲ್ಲ. ಆದರೆ ಅವಳ ಮುಖ ನೋಡಿ ಭಾವ ಹಾವು ಗೀವು ಇರಬೇಕೆಂದು ದೊಣ್ಣೆ ಹುಡುಕಿದರು.

ಗದ್ದೆಯಂಚಿಗೆ ಹೋಗಿ ನಿಂತೆವು. ಮೊದಲು ನನಗೆ ಏನೂ ತಿಳಿಯಲಿಲ್ಲ. ಮಡಿಯಲ್ಲಿ ಪಾದ ಮುಳುಗುವಷ್ಟು ನೀರು, ಅದರಲ್ಲಿ ಯಾರೋ ಕಟ್ಟಿಗೆಯ ತುಂಡುಗಳನ್ನು ಸಾಲಾಗಿ ಇಟ್ಟ ಹಾಗೆ ಕಂಡಿತು. ಆಮೇಲೆ ಒಂದು ತುಂಡು ಬಾಲ ಆಡಿಸಿತು.

ಮೀನುಗಳು. ರೋಹಿಣಿ ಮಳೆಯಲ್ಲಿ ನೋಡಿದ ಬೆರಳುದ್ದದವಲ್ಲ. ಒಂದೊಂದೂ ನನ್ನ ಮೊಳಕ್ಕಿಂತ ಉದ್ದ. ಶೃಂಗೇರಿಯ ಹೊಳೆಯಲ್ಲಿ ಮಂಡಕ್ಕಿ ಎಸೆದರೆ ಬಾಯಿ ತೆರೆದು ಮೇಲೆ ಬರುತ್ತವಲ್ಲ, ಜನ ದೇವರ ಮೀನು ಎನ್ನುತ್ತಾರಲ್ಲ, ಆ ಜಾತಿಯವು. ಬೆನ್ನು ನೀರಿನಿಂದ ಹೊರಗಿತ್ತು. ಬಿಸಿಲಿಗೆ ಬೆನ್ನಿನ ಹುರುಪೆಗಳು ಹಳೇ ತಾಮ್ರದ ಬಣ್ಣಕ್ಕೆ ಹೊಳೆಯುತ್ತಿದ್ದವು. ಎಲ್ಲವೂ ಕಾಲುವೆಯಿಂದ ನೀರು ಬರುವ ಮೂಲೆಗೆ ಮುಖ ಮಾಡಿ ನಿಂತಿದ್ದವು. ಒಂದೂ ಒದ್ದಾಡುತ್ತಿರಲಿಲ್ಲ. ಕಿವಿರು ಮಾತ್ರ ನಿಧಾನವಾಗಿ ತೆರೆದು ಮುಚ್ಚುತ್ತಿತ್ತು. ಪಾದ ಮುಳುಗುವಷ್ಟೇ ನೀರಿನಲ್ಲಿ, ಸುಡು ಬಿಸಿಲಿನಲ್ಲಿ, ಹೊಳೆಯ ನಡುಮಡುವಿನಲ್ಲಿ ಇರುವಷ್ಟು ನೆಮ್ಮದಿಯಿಂದ ಅವು ನಿಂತಿದ್ದವು.

ಬಸವರಾಜ ಮೆಲ್ಲಗೆ ಎಣಿಸತೊಡಗಿದ. ಒಂದ, ಎರಡ, ಮೂರ. ಅವನ ದನಿ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕೊನೆಗೆ "ಹತ್ತ" ಎಂದು ನಿಲ್ಲಿಸಿದ. ನಾನು ಆ ತುದಿಯಿಂದ ಈ ತುದಿಗೆ ಮತ್ತೆ ಎಣಿಸಿದೆ. ಹನ್ನೊಂದನೆಯದು ಇರಲಿಲ್ಲ. ಬಸವರಾಜ ನನ್ನ ಕಡೆ ತಿರುಗಿದ. "ಸರ, ನಾ ಸುಮ್ನ ಅಂದಿದ್ದೆ ಅದನ್ನ" ಎಂದ. ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗಿತ್ತು ಅವನ ಮಾತು. ಯಾರೂ ನಗಲಿಲ್ಲ.

ಭಾವ ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ದೇವಸ್ಥಾನದ ಬಾಗಿಲಲ್ಲಿ ಬಿಟ್ಟರೆ ಅವರು ಹಾಗೆ ಮಾಡಿದ್ದು ನಾನು ನೋಡಿರಲಿಲ್ಲ. ಅಕ್ಕ ಸೀರೆ ಎತ್ತಿ ಕಟ್ಟಿ ಮಡಿಗೆ ಇಳಿದಳು. ಈಗ ಚದುರುತ್ತವೆ ಎಂದುಕೊಂಡೆ. ಚದುರಲಿಲ್ಲ. ಅವಳು ಅವುಗಳ ನಡುವೆಯೇ ಹೋಗಿ ನಿಂತಳು. ಹತ್ತಿರದ ಒಂದು ಮೀನು ಸ್ವಲ್ಪ ಹೊರಳಿ, ಅವಳ ಕಾಲಿಗೆ ಮೈ ತಾಗಿಸಿ, ಮತ್ತೆ ಮೊದಲಿನ ಹಾಗೇ ನಿಂತಿತು. ಅಕ್ಕನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅವಳಿಗೆ ಅದು ಗೊತ್ತಿದ್ದಂತೆ ಕಾಣಲಿಲ್ಲ. ನನಗಾದದ್ದು ಭಯವಲ್ಲ. ನಾನು ಬಹಳ ಸಣ್ಣವನು ಎನ್ನಿಸಿತು, ಮತ್ತು ಹಾಗೆ ಅನ್ನಿಸಿದ್ದು ಹಿತವಾಗಿತ್ತು. ಹೊಳೆಯ ಬಗ್ಗೆ ಊರೂರು ತಿರುಗಿ ಭಾಷಣ ಮಾಡಿದವನು ನಾನು. ಹೊಳೆಗೂ ನಮ್ಮ ಬಗ್ಗೆ ಏನಾದರೂ ಗೊತ್ತಿರಬಹುದು ಎಂದು ಅವತ್ತಿನವರೆಗೆ ನನಗೆ ಹೊಳೆದಿರಲಿಲ್ಲ.

ಹೀಗೆ ಎಷ್ಟು ಹೊತ್ತು ನಿಂತೆವೋ ತಿಳಿಯದು. ಮೊದಲು ಎಚ್ಚರಗೊಂಡವರು ಭಾವ. "ಈ ಬಿಸಿಲಿಗೆ ನೀರು ಆರ್ತದೆ. ಸಂಜೆಯೊಳಗೆ ಸಾಯ್ತಾವೆ ಇವು" ಎಂದರು. ಹೌದು, ಕಾಲುವೆಯಲ್ಲಿ ಬರುತ್ತಿದ್ದ ನೀರು ನೂಲಿನಷ್ಟಿತ್ತು. ಹೊತ್ತುಕೊಂಡು ಹೋಗಿ ಹೊಳೆಗೆ ಬಿಡೋಣವೇ ಎಂದು ನಾನು ಕೇಳಿದೆ. ಭಾವ ಸರಸರನೆ ಗುಡ್ಡದ ಬುಡಕ್ಕೆ ಹೋದರು. ಪಂಪು ಶುರುವಾದ ಸದ್ದು ಕೇಳಿತು. ತೋಟದ ಕಡೆ ಹೋಗುತ್ತಿದ್ದ ಪೈಪನ್ನು ಬಿಚ್ಚಿ, ಹೆಗಲ ಮೇಲೆ ಎಳೆದುಕೊಂಡು ಗದ್ದೆಗೆ ತಂದರು. ಮೂಲೆಯಲ್ಲಿ ಮಣ್ಣು ಕದಡದ ಹಾಗೆ ಒಂದು ಅಡಿಕೆ ಹಾಳೆ ಇಟ್ಟು, ಅದರ ಮೇಲೆ ನೀರು ಬೀಳುವಂತೆ ಹಿಡಿದರು.

"ತೋಟಕ್ಕೆ?" ಎಂದಳು ಅಕ್ಕ. ಕೆರೆಯಲ್ಲಿ ಉಳಿದಿದ್ದದ್ದು ಎಷ್ಟೆಂದು ಅವಳಿಗೂ ಗೊತ್ತು.

"ಮನೆಗೆ ಬಂದೋರಿಗೆ ಮೊದ್ಲು ನೀರು ಕೊಡದು. ತೋಟ ಎಲ್ಲಿಗೆ ಹೋಗ್ತದೆ" ಎಂದರು ಭಾವ, ತಲೆ ಎತ್ತದೆ.

ಮಧ್ಯಾಹ್ನ ಪೂರ್ತಿ ನೀರು ಬಿಟ್ಟರು. ಕೆರೆಯ ತಳದ ಕೆಸರು ಕಾಣುವವರೆಗೆ ಬಿಟ್ಟ ಮೇಲೆ ಪಂಪು ಗಾಳಿ ಎಳೆದು ನಿಂತಿತು. ಅಷ್ಟರಲ್ಲಿ ಮಡಿಯಲ್ಲಿ ಮೀನುಗಳ ಬೆನ್ನು ಮುಳುಗುವಷ್ಟು ನೀರಾಗಿತ್ತು. ಬಸವರಾಜ ಇನ್ನೊಂದು ಕ್ಯಾಮೆರಾ ತಂದು ಸ್ವಲ್ಪ ಚಿತ್ರ ತೆಗೆದ. ನೀರಿನ ಮೇಲೆ ಬಿಸಿಲು ಹೊಳೆಯುತ್ತಿದ್ದುದರಿಂದ ಅದು ಅಷ್ಟು ಚೆನ್ನಾಗಿ ಬಂದಿಲ್ಲ. ಹೊತ್ತು ಇಳಿಯುವಾಗ ಪಶ್ಚಿಮದಲ್ಲಿ ಮೋಡ ಕಟ್ಟಿತು. ಮಳೆ ಬಂತು, ಅಂಥಿಂಥ ಮಳೆಯಲ್ಲ. ಅಂಚು ತುಂಬಿ ಹರಿಯುವವರೆಗೆ ನಾವು ಅಲ್ಲೇ ನೆನೆಯುತ್ತಾ ನಿಂತೆವು. ಕೆಂಪು ನೀರಿನಲ್ಲಿ ಮೀನು ಕಾಣದಾದ ಮೇಲೆ ಮನೆಗೆ ಬಂದೆವು. ಬೆಳಿಗ್ಗೆ ಹೋಗಿ ನೋಡಿದಾಗ ಮಡಿಯಲ್ಲಿ ನೀರು ತಿಳಿಯಾಗಿತ್ತು. ಒಂದು ಮೀನೂ ಇರಲಿಲ್ಲ. ಅಂಚಿನಲ್ಲಾಗಲಿ ಹಳ್ಳದಲ್ಲಾಗಲಿ ಸತ್ತದ್ದೂ ಕಾಣಲಿಲ್ಲ.

ಮೋರಿಯ ಕೆಳಗಿನ ಕ್ಯಾಮೆರಾವನ್ನು ಸಂಜೆಯ ಮಳೆಗೆ ಮುಂಚೆಯೇ ಬಸವರಾಜ ತಂದಿಟ್ಟಿದ್ದ. ನಾನು ಅದನ್ನು ಮೊದಲಿನಿಂದ ಕೊನೆಯವರೆಗೆ ಕೂತು ನೋಡಿದೆ. ಅನುಮಾನದ ಪ್ರಾಣಿ ನಾನು, ಎಲ್ಲೂ ಮುಂದಕ್ಕೆ ಓಡಿಸದೆ ನೋಡಿದೆ. ಬೆಳಗಿನಿಂದ ಪೈಪಿನಿಂದ ಬೆರಳು ಗಾತ್ರದ ನೀರು ಬೀಳುತ್ತಿದೆ. ಒಂದು ಕಾಜಾಣ ಬಂದು ಕೂತು ಹೋಗುತ್ತದೆ. ಒಂದು ಏಡಿ ಸಿಮೆಂಟಿನ ಮೇಲೆ ನಡೆಯುತ್ತದೆ. ಮೀನು ಬಂದದ್ದು ಮಾತ್ರ ಇಲ್ಲ. ಮೇಲಿನ ಗದ್ದೆಗೆ ಹೊಳೆಯಿಂದ ಬರಲು ಇರುವುದು ಅದೊಂದೇ ದಾರಿ. ಮೀನು ಇದ್ದದ್ದಕ್ಕೆ ನನ್ನ ಹತ್ತಿರ ಸಾಕ್ಷಿಯಿದೆ, ಬಂದದ್ದಕ್ಕಿಲ್ಲ.

ಆಮೇಲೆ ನಾನು ಮಾಡದ ವಿಚಾರವಿಲ್ಲ. ರೋಹಿಣಿ ಮಳೆಯಲ್ಲೇ ಹೇಗೋ ಹತ್ತಿ, ಮೇಲಿನ ಹಳ್ಳದಲ್ಲಿ ಅಡಗಿದ್ದವೋ? ಅಲ್ಲಿ ಅಡಗುವಂಥ ಗುಂಡಿಯಿಲ್ಲ, ದಿನವೂ ದನ ನೀರು ಕುಡಿಯುವ ಜಾಗ. ಕೆರೆಯಿಂದ ಬಂದವೋ? ಕೆರೆಯ ತಳ ನಾವೇ ಕಂಡೆವು. ಯಾರಾದರೂ ತಂದು ಬಿಟ್ಟರೋ? ಭಾವನಿಗೆ ಅದರಿಂದ ನಷ್ಟ. ಬಸವರಾಜ ಸತ್ತ ಮೀನನ್ನೂ ಮುಟ್ಟಲಾರ. ಅಕ್ಕನನ್ನೂ ಕೇಳಿದೆ, ನನ್ನ ಸ್ವಭಾವ ಬಿಡುತ್ತದೆಯೇ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ಅಷ್ಟು ದೊಡ್ಡ ಮೀನು ಹತ್ತು ಹೊತ್ತಿದ್ರೆ ನನ್ನ ಸೊಂಟ ನಿಂಗೆ ಹೇಳ್ತಿತ್ತು" ಎಂದಳು. ಮೀನುಗಳ ಬಗ್ಗೆ ಓದಿಕೊಂಡ ಒಬ್ಬ ಗೆಳೆಯನಿಗೆ ಚಿತ್ರ ಕಳಿಸಿದೆ. ಅವನು ಜಾತಿಯ ಹೆಸರು ಹೇಳಿದ, ಆ ಹಳ್ಳದಲ್ಲಿ ಇರಲು ಸಾಧ್ಯವಿಲ್ಲ ಎಂದೂ ಹೇಳಿದ. ಶಾಲೆಗಳಲ್ಲಿ ತೋರಿಸಿದಾಗ ಮಕ್ಕಳು ಗ್ರಾಫಿಕ್ಸ್ ಎನ್ನುತ್ತಾರೆ. ನಾನು ವಾದ ಮಾಡುವುದಿಲ್ಲ.

ಗದ್ದೆ ಗದ್ದೆಯಾಗಿಯೇ ಉಳಿದಿದೆ. ಮೀನು ಕಂಡ ಮರುದಿನ ಆಳುಗಳು ಬಂದಾಗಲೇ ಭಾವ ಸಸಿಗಳನ್ನು ಪಕ್ಕದವರಿಗೆ ಕೊಟ್ಟು, ಅದೇ ಆಳುಗಳ ಹತ್ತಿರ ಗುಂಡಿ ಮುಚ್ಚಿಸಿದರು. ನೆಟ್ಟಿಗೆ ಈಗ ಅವರೇ ಇಳಿಯುತ್ತಾರೆ, ಸೊಂಟ ನೋವೆಂದು ಅಕ್ಕನನ್ನು ಬೈಯುತ್ತಲೇ ಇಳಿಯುತ್ತಾರೆ. ಊರಿನ ಕೆಲವರನ್ನು ಸೇರಿಸಿಕೊಂಡು ಮೋರಿಯ ಕೆಳಗೆ ಕಲ್ಲು ಪೇರಿಸಿ ಮೆಟ್ಟಿಲ ಹಾಗೆ ಮಾಡಿದ್ದಾರೆ. ಸಣ್ಣ ಮೀನುಗಳು ಈಗ ಪ್ರತಿವರ್ಷ ಹತ್ತುತ್ತವೆ, ಎಣಿಸಲಾರದಷ್ಟು. ಆ ದೊಡ್ಡವು ಮತ್ತೆ ಬಂದಿಲ್ಲ.

ಹೋದ ವರ್ಷವೂ ಮಳೆ ತಡವಾಯಿತು. ಮಿರ್ಗ ಮುಗಿಯುವ ದಿನ ನಾನು ಕೊಪ್ಪಕ್ಕೆ ಬಂದವನು ಹಾಗೇ ಅಕ್ಕನ ಮನೆಗೆ ಹೋದೆ. ತೋಟದ ಗಿಡಗಳು ಬಾಡಿದ್ದವು. ಕೆರೆಯಲ್ಲಿ ನೀರಿತ್ತು. ಭಾವ ಗದ್ದೆಯಂಚಿನ ಮೇಲೆ ಸುಮ್ಮನೆ ಕೂತಿದ್ದರು. "ತೋಟಕ್ಕೆ ಯಾಕೆ ನೀರು ಬಿಟ್ಟಿಲ್ಲ ಭಾವ?" ಎಂದು ಕೇಳಿದೆ.

"ಇವತ್ತೊಂದಿನ ಇರ್ಲಿ ಮಾರಾಯ" ಎಂದರು.

ನಾನು ಮತ್ತೇನೂ ಕೇಳದೆ ಅವರ ಪಕ್ಕ ಕೂತೆ. ಅಕ್ಕ ಅಲ್ಲಿಗೇ ಕಾಫಿ ತಂದು ಕೊಟ್ಟು, ತಾನೂ ಕೂತಳು. ಮೂವರೂ ಆ ಪಾದ ಮುಳುಗುವಷ್ಟು ನೀರನ್ನು ನೋಡುತ್ತಿದ್ದೆವು. ಏನೂ ಬರಲಿಲ್ಲ. ಹೊತ್ತು ಮುಳುಗಿದ ಮೇಲೆ ಭಾವ ಎದ್ದು ಹೋಗಿ ತೋಟಕ್ಕೆ ಪಂಪು ಹಾಕಿದರು.